ಮೂಲಿ ಗೋಲ್ ಮಾಡ್ರಿ... ಒಂದು ಸಣ್ಣ ಬೇಡಿಕೆಯ ದೊಡ್ಡ ಇತಿಹಾಸ

ನಮ್ಮ ಅಮರಗೋಳ, ನವನಗರದ ಕಡೆ ಬೋರ್ಡು, ಸ್ಟಿಕ್ಕರು ಮಾಡುವ ಅಂಗಡಿಗಳಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಕೇಳುವ ಮಾತೊಂದಿದೆ. "ಸರ, ಎಲ್ಲಾ ಛಲೋ ಐತ್ರಿ, ಮೂಲಿ ಅಷ್ಟ ಸ್ವಲ್ಪ ಗೋಲ್ ಮಾಡಿ ಕೊಡ್ರಿ." ಎಪಿಎಂಸಿಯ ದಲಾಲಿ ಅಂಗಡಿಯವರಿರಲಿ, ಟೆಂಪೋ ಮಾಲೀಕರಿರಲಿ, ಮದುವೆ ಕಾರ್ಡು ಹೊಡೆಸಲು ಬಂದವರಿರಲಿ, ಈ ಮಾತು ಮಾತ್ರ ತಪ್ಪುವುದಿಲ್ಲ. ಗಿರಾಕಿಗೆ ಅದು ಎರಡು ನಿಮಿಷದ ಕೆಲಸ. ಕಂಪ್ಯೂಟರ್ ಮುಂದೆ ಕೂತವನಿಗೆ ಕೆಲವೊಮ್ಮೆ ಎರಡು ತಾಸು :)

ಈ "ಗೋಲ್ ಮಾಡ್ರಿ" ಎಂಬ ಬೇಡಿಕೆಗೆ ಒಂದು ಇತಿಹಾಸವಿದೆ ಸ್ನೇಹಿತರೆ. ಹುಡುಕುತ್ತಾ ಹೋದಂತೆ ಅದು ಚಾಲುಕ್ಯರಿಂದ ಹಿಡಿದು ಆ್ಯಪಲ್ ಕಂಪನಿಯವರೆಗೂ ಹರಡಿಕೊಂಡಿರುವುದು ಕಂಡಿತು. ಕೆಲಸದ ನಡುವೆ ಕೂಡಿಸಿಟ್ಟ ಟಿಪ್ಪಣಿಗಳನ್ನೆಲ್ಲ ಇವತ್ತು ಒಂದು ಕಡೆ ಬರೆದಿಡುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಚಹಾ ಇಟ್ಟುಕೊಂಡು ಓದಿ.

ಮೊದಲು ನಮ್ಮೂರಿನಿಂದಲೇ ಶುರು ಮಾಡೋಣ. ಹುಬ್ಬಳ್ಳಿ-ಧಾರವಾಡದ ನಡುವೆ ಬಸ್ಸಿನಲ್ಲಿ ಓಡಾಡುವವರಿಗೆ ಅಮರಗೋಳ ಅಂದರೆ ಎಪಿಎಂಸಿ ಯಾರ್ಡು, ಹೆಚ್ಚೆಂದರೆ ಒಂದು ಸಣ್ಣ ರೈಲ್ವೆ ಸ್ಟೇಷನ್ನು. ಆದರೆ ಊರೊಳಗೆ ಶಂಕರಲಿಂಗ ಮತ್ತು ಬನಶಂಕರಿಯ ಹಳೆಯ ಕಲ್ಲಿನ ಗುಡಿಗಳಿವೆ, ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಪಕ್ಕದ ಉಣಕಲ್ಲಿನಲ್ಲಿ ಚಂದ್ರಮೌಳೇಶ್ವರನ ಗುಡಿ ಇದೆ. ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳನ್ನು ನೋಡಿದವರಿಗೆ ಅಲ್ಲಿನ ಕಂಬಗಳು ನೆನಪಿರುತ್ತವೆ. ಬಳಪದ ಕಲ್ಲನ್ನು ತಿರುಗಣಿಗೆ ಕೊಟ್ಟು ಕಡೆದದ್ದು, ಬಳೆ ಪೇರಿಸಿಟ್ಟ ಹಾಗೆ ಕಾಣುವಂಥದ್ದು. ಕಂಬದ ಬುಡ ಚೌಕ, ನಡು ದುಂಡು. ಚೌಕದಿಂದ ದುಂಡಿಗೆ ಹೋಗುವ ಜಾಗದಲ್ಲಿ ಶಿಲ್ಪಿ ಏನು ಮಾಡಿದ್ದಾನೆ ಅಂತ ಒಮ್ಮೆ ಕೂತು ನೋಡಿ. ಒಂದೇ ಏಟಿಗೆ ಮೂಲೆ ಕತ್ತರಿಸಿರುವುದಿಲ್ಲ. ಚೌಕವನ್ನು ಎಂಟು ಮೂಲೆ ಮಾಡಿ, ಅದನ್ನು ಹದಿನಾರು ಮಾಡಿ, ಆಮೇಲೆ ದುಂಡಿಗೆ ಇಳಿಯುವುದು ಕಲ್ಲಿನ ಕೆಲಸದ ಹಳೆಯ ರೂಢಿ. ನಮ್ಮ ಬಡಿಗೇರರೂ ಮಂಚದ ಕಾಲನ್ನು ಹೀಗೇ ಗುಂಡಗೆ ಮಾಡುತ್ತಾರೆ. ಮೂಲೆ ದುಂಡು ಮಾಡುವುದೆಂದರೆ ಏನನ್ನೋ ಕಿತ್ತು ಹಾಕುವುದಲ್ಲ, ಒಂದು ದಿಕ್ಕಿನಿಂದ ಇನ್ನೊಂದು ದಿಕ್ಕಿಗೆ ಸಮಾಧಾನವಾಗಿ ತಿರುಗಿಸುವುದು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ನಮ್ಮ ಅಕ್ಷರಗಳ ವಿಷಯ. ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನದ ಅಕ್ಷರಗಳ ಚಿತ್ರ ನೋಡಿ, ಈಗಿನ ಕನ್ನಡದ ದುಂಡುತನ ಅಲ್ಲಿ ಇನ್ನೂ ಬಂದಿಲ್ಲ. ಶತಮಾನಗಳು ಕಳೆದಂತೆ ಅಕ್ಷರಗಳ ಮೂಲೆಗಳು ಸವೆದು ಮುತ್ತಿನಂತಾದವು. ಇದಕ್ಕೆ ತಾಳೆಗರಿಯ ಕಾರಣವನ್ನು ಸಾಮಾನ್ಯವಾಗಿ ಹೇಳುತ್ತಾರೆ. ಕಂಠದಿಂದ ಗರಿಯ ನಾರಿನ ಗುಂಟ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಬಳಸಿ ಬರೆದರೆ ತಡೆಯುತ್ತದೆ. ಕಾರಣ ಅದೊಂದೇ ಅಲ್ಲದಿರಬಹುದು, ಕೈ ಬೇಗ ಓಡಬೇಕೆಂಬ ಆಸೆಯೂ ಸೇರಿರಬಹುದು. ಅಂತೂ ಬರೆಯುವ ವಸ್ತು, ಬರೆಯುವ ಸಾಧನ, ಬರೆಯುವ ಕೈ ಮೂರೂ ಸೇರಿ ಅಕ್ಷರದ ಮೂಲೆ ಹೇಗಿರಬೇಕೆಂದು ತೀರ್ಮಾನ ಮಾಡಿದವು.

ಆಮೇಲೆ ಅಚ್ಚಿನ ಕಾಲ ಬಂತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ದೂರದ ಶ್ರೀರಾಮಪುರದಲ್ಲಿ ಅಚ್ಚಾಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ 1841ರಲ್ಲಿ ಶುರುವಾದಾಗ ಅಲ್ಲಿ ಇದ್ದದ್ದು ಕಲ್ಲಚ್ಚು. 1843ರ "ಮಂಗಳೂರು ಸಮಾಚಾರ"ವೂ ಕಲ್ಲಚ್ಚಿನಲ್ಲೇ ಬಂದದ್ದು. ಕಲ್ಲಚ್ಚಿನಲ್ಲಿ ಒಂದು ಸುಖವಿತ್ತು, ಬರೆಯುವವನ ಕೈಯ ದುಂಡು ಹಾಗೆಯೇ ಕಾಗದಕ್ಕೆ ಇಳಿಯುತ್ತಿತ್ತು. ಸೀಸದ ಮೊಳೆ ಬಂದ ಮೇಲೆ ಅಕ್ಷರವನ್ನು ಉಕ್ಕಿನ ತುದಿಯಲ್ಲಿ ಮೊದಲು ಕೊರೆಯಬೇಕಾಯಿತು. ಅಲ್ಲಿಯೂ ಒಂದು ತಮಾಷೆ ಇದೆ. ಮೊಳೆಯಲ್ಲಿ ಮೂಲೆ ಎಷ್ಟೇ ಚೂಪಾಗಿರಲಿ, ಮಸಿ ಸ್ವಲ್ಪ ಹರಡಿ ಒಳಮೂಲೆಗಳು ತಾವಾಗಿಯೇ ಮೆತ್ತಗಾಗುತ್ತಿದ್ದವು. ಹಳೆಯ ಪುಸ್ತಕಗಳ ಅಕ್ಷರ ಕಣ್ಣಿಗೆ ಹಿತವಾಗಿ ಕಾಣುವುದರಲ್ಲಿ ಆ ಮಸಿಯ ಪಾಲೂ ಇದೆ. ಕಂಪ್ಯೂಟರಿನಲ್ಲಿ ಮಸಿ ಹರಡುವುದಿಲ್ಲ! ಚೂಪು ಅಂದರೆ ಚೂಪು. ದುಂಡು ಬೇಕೆಂದರೆ ಕೇಳಿ ಪಡೆಯಬೇಕು.

ಸರಿ, ಕಂಪ್ಯೂಟರಿಗೆ ಬರೋಣ. ಆದರೆ ಅದಕ್ಕೂ ಮೊದಲು ಕಾರಿನ ಕಾರ್ಖಾನೆಗೆ ಹೋಗಬೇಕು. 1959ರಲ್ಲಿ ಫ್ರಾನ್ಸಿನ ಸಿಟ್ರೊಯನ್ ಕಂಪನಿಯಲ್ಲಿ ಪಾಲ್ ದ ಕಾಸ್ತೆಲ್ಜೋ ಎಂಬ ಗಣಿತಜ್ಞ ಕಾರಿನ ಮೈಯ ಬಾಗನ್ನು ಲೆಕ್ಕದಲ್ಲಿ ಹಿಡಿಯುವ ದಾರಿ ಕಂಡುಕೊಂಡ. ಕಂಪನಿ ಅದನ್ನು ಗುಟ್ಟಾಗಿಟ್ಟಿತು. 1960ರ ದಶಕದಲ್ಲಿ ರೆನೋ ಕಂಪನಿಯ ಪಿಯೆರ್ ಬೆಜಿಯೆ ಬೇರೆ ದಾರಿಯಿಂದ ಅಲ್ಲಿಗೇ ಬಂದು ತಲುಪಿದ, ಬಹಿರಂಗವಾಗಿ ಬರೆದ. ಹಾಗಾಗಿ ಹೆಸರು ಅವನದೇ ಉಳಿಯಿತು. ನಾವು ದಿನಾ ಎಳೆದಾಡುವ "ಬೆಜಿಯರ್ ಕರ್ವ್" ಇದೇ. ಎರಡು ತುದಿಬಿಂದು, ಎರಡು ಹಿಡಿಕೆ. ಹಿಡಿಕೆ ಎಳೆದರೆ ಗೆರೆ ಬಾಗುತ್ತದೆ.

ಆದರೆ ಈ ಗೆರೆಗೆ ಒಂದು ಊನವಿದೆ. ಇದರಿಂದ ನಿಜವಾದ ವೃತ್ತ ಬರುವುದಿಲ್ಲ! ಕಾಲು ವೃತ್ತ ಬೇಕೆಂದರೆ ಹಿಡಿಕೆಯನ್ನು ತ್ರಿಜ್ಯದ ಸುಮಾರು 0.5523 ಪಟ್ಟು ಉದ್ದ ಎಳೆಯಬೇಕು. ಆಗ ಸಿಗುವುದು ವೃತ್ತದಂಥ ಗೆರೆ, ತಪ್ಪು ಹೆಚ್ಚೆಂದರೆ ಶೇಕಡಾ 0.027. ಹತ್ತು ಸೆಂಟಿಮೀಟರ್ ತ್ರಿಜ್ಯಕ್ಕೆ ಲೆಕ್ಕ ಹಾಕಿದರೆ ಅದು ತಲೆಗೂದಲಿಗಿಂತ ತೆಳು. ನಮ್ಮ ಬೋರ್ಡಿಗೆ ಧಾರಾಳವಾಗಿ ಸಾಕು ಬಿಡಿ.

ಮೂಲೆ ದುಂಡು ಮಾಡುವ ಬೇಡಿಕೆಯ ಅತ್ಯಂತ ಪ್ರಸಿದ್ಧ ಕಥೆ 1981ರದು. ಆ್ಯಪಲ್ ಕಂಪನಿಯಲ್ಲಿ ಬಿಲ್ ಅಟ್ಕಿನ್ಸನ್ ಎಂಬ ಜಾಣ (2025ರಲ್ಲಿ ತೀರಿಕೊಂಡ) ಲೀಸಾ ಮತ್ತು ಮ್ಯಾಕಿಂಟೋಷ್‌ಗಾಗಿ ಚಿತ್ರ ಬಿಡಿಸುವ ಪ್ರೋಗ್ರಾಂ ಬರೆಯುತ್ತಿದ್ದ. ಆ ಕಾಲದ ಚಿಪ್ಪಿಗೆ ಗುಣಾಕಾರವೇ ಭಾರ. ಅಟ್ಕಿನ್ಸನ್ ಏನು ಮಾಡಿದ ಗೊತ್ತೆ? ಬೆಸಸಂಖ್ಯೆಗಳನ್ನು ಸಾಲಾಗಿ ಕೂಡಿದರೆ ವರ್ಗಸಂಖ್ಯೆ ಬರುತ್ತದಲ್ಲ (1+3=4, 1+3+5=9), ಅದನ್ನೇ ಹಿಡಿದು ಬರೀ ಕೂಡುವ ಲೆಕ್ಕದಲ್ಲಿ ವೃತ್ತ ಬರೆಸಿಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ಟೀವ್ ಜಾಬ್ಸ್ ಮಾತ್ರ, ಇದೆಲ್ಲ ಸರಿ, ಮೂಲೆ ದುಂಡಾದ ಚೌಕ ಬರುತ್ತದೆಯೇ ಅಂತ ಕೇಳಿದ. ಅಟ್ಕಿನ್ಸನ್ ಅದು ಕಷ್ಟ, ಅದರ ಅಗತ್ಯವೂ ಇಲ್ಲ ಅಂದ. ಜಾಬ್ಸ್ ಬಿಡಲಿಲ್ಲ. ಕೋಣೆಯಲ್ಲಿದ್ದ ಬೋರ್ಡು, ಮೇಜುಗಳನ್ನು ತೋರಿಸಿದ. ಸಾಲದೆಂದು ಹೊರಗೆ ಕರೆದುಕೊಂಡು ಹೋಗಿ ಬೀದಿಯಲ್ಲಿ ಮೂಲೆ ದುಂಡಾದ ವಸ್ತುಗಳನ್ನೆಲ್ಲ ತೋರಿಸುತ್ತಾ ನಡೆದ. ಕೊನೆಗೆ "ನೋ ಪಾರ್ಕಿಂಗ್" ಫಲಕ ಕಂಡಾಗ ಅಟ್ಕಿನ್ಸನ್ ಒಪ್ಪಿಕೊಂಡನಂತೆ. ಮರುದಿನವೇ ಅದು ಸಿದ್ಧವಾಯಿತು, ಅದೂ ಮಿಂಚಿನ ವೇಗದಲ್ಲಿ. ಈ ಕಥೆಯನ್ನು ಬರೆದಿಟ್ಟವನು ಅವರ ಜೊತೆಯೇ ಇದ್ದ ಆ್ಯಂಡಿ ಹರ್ಟ್ಸ್‌ಫೆಲ್ಡ್.

ನನಗೆ ಈ ಕಥೆ ಇಷ್ಟವಾಗುವುದು ಜಾಬ್ಸ್‌ನ ಹಟಕ್ಕಾಗಿ ಅಲ್ಲ. ಅವನು ಗಣಿತ ಮಾತಾಡಲಿಲ್ಲ, ಬೀದಿಯ ಬೋರ್ಡು ತೋರಿಸಿದ. ನಮ್ಮ ಗಿರಾಕಿಗಳು ಮಾಡುವುದೂ ಅದನ್ನೇ ಅಲ್ಲವೇ? "ಆ ಮೆಡಿಕಲ್ ಶಾಪಿನ ಬೋರ್ಡ್ ಐತಲ್ರಿ, ಹಂಗ."

ಮುಂದೆ 1984ರಲ್ಲಿ ಅಡೋಬಿಯವರ ಪೋಸ್ಟ್‌ಸ್ಕ್ರಿಪ್ಟ್ ಬಂತು. ಅದರಲ್ಲಿ "ಆರ್ಕ್‌ಟು" ಎಂಬ ಒಂದು ಆಜ್ಞೆ ಇತ್ತು. ಮೂಲೆ ಎಲ್ಲಿದೆ, ಮುಂದೆ ಯಾವ ಕಡೆ ಹೋಗಬೇಕು, ತ್ರಿಜ್ಯ ಎಷ್ಟು ಅಂತ ಹೇಳಿದರೆ ಸಾಕು, ಮೂಲೆಯನ್ನು ಅದೇ ದುಂಡು ಮಾಡುತ್ತಿತ್ತು. ಅಂದರೆ ಯಂತ್ರಕ್ಕೆ ಈ ವಿದ್ಯೆ ಆಗಲೇ ಗೊತ್ತಿತ್ತು. ಆದರೆ 1987ರಲ್ಲಿ ಇಲ್ಲಸ್ಟ್ರೇಟರ್, 1989ರಲ್ಲಿ ಕೋರೆಲ್‌ಡ್ರಾ ಬಂದ ಮೇಲೂ, ಬರೆದ ಯಾವುದೇ ಆಕಾರದ ಬೇಕಾದ ಮೂಲೆಯನ್ನು ಕೈಯಲ್ಲಿ ಹಿಡಿದು ದುಂಡು ಮಾಡುವ ಸೌಲಭ್ಯ ಬರಲು ಬಹಳ ವರ್ಷ ಹಿಡಿಯಿತು. ಚೌಕಕ್ಕೆ ಮಾತ್ರ ಬರುತ್ತಿತ್ತು. ನಮ್ಮ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಕೋರೆಲ್ಲೇ ರಾಜ, ಹಾಗಾಗಿ ಅದರ ಕಥೆ ಹೇಳುತ್ತೇನೆ. 2006ರ ಎಕ್ಸ್3 ಆವೃತ್ತಿಯಲ್ಲಿ ಯಾವ ಆಕಾರದ ಮೂಲೆಯನ್ನಾದರೂ ದುಂಡು ಮಾಡುವ, ಓರೆ ಕತ್ತರಿಸುವ ಸಾಧನ ಬಂತು. 2010ರ ಎಕ್ಸ್5ರಲ್ಲಿ ಚೌಕದ ಮೂಲೆಗೆ ನಿಜವಾದ ಅಳತೆಯಲ್ಲಿ ತ್ರಿಜ್ಯ ಕೊಡುವುದು ಸಾಧ್ಯವಾಯಿತು, ಚೌಕವನ್ನು ಅಗಲಕ್ಕೆ ಎಳೆದರೂ ಮೂಲೆ ಚಪ್ಪಟೆಯಾಗದೆ ಉಳಿಯತೊಡಗಿತು. ಇಲ್ಲಸ್ಟ್ರೇಟರಿಗೆ "ಲೈವ್ ಕಾರ್ನರ್ಸ್" ಬಂದದ್ದು 2014ರಲ್ಲಿ. 1987ರಿಂದ ಲೆಕ್ಕ ಹಾಕಿ, ಇಪ್ಪತ್ತೇಳು ವರ್ಷ!

ವೆಬ್ಬಿನಲ್ಲೂ ಇದೇ ಗೋಳು. ಹಳೆಯ ಕನ್ನಡ ಬ್ಲಾಗಿಗರಿಗೆ ಬ್ಲಾಗರ್‌ನಲ್ಲಿದ್ದ "ರೌಂಡರ್ಸ್" ಟೆಂಪ್ಲೇಟು ನೆನಪಿರಬಹುದು. 2004ರಲ್ಲಿ ಡಗ್ಲಸ್ ಬೌಮನ್ ಮಾಡಿದ್ದು. ಆಗಿನ ಹೆಚ್ಚಿನ ಬ್ರೌಸರುಗಳಿಗೆ ದುಂಡು ಮೂಲೆ ಬರೆಯಲು ಬರುತ್ತಿರಲಿಲ್ಲ. ಮೂಲೆಗೊಂದರಂತೆ ಸಣ್ಣ ಸಣ್ಣ ಚಿತ್ರ ಅಂಟಿಸಿ ಕಣ್ಣಿಗೆ ಮಣ್ಣೆರಚುವುದೇ ಉಪಾಯ. ಇಂಟರ್ನೆಟ್ ಎಕ್ಸ್‌ಪ್ಲೋರರ್ 2011ರಲ್ಲಿ, ತನ್ನ ಒಂಬತ್ತನೇ ಆವೃತ್ತಿಯಲ್ಲಿ ಇದನ್ನು ಕಲಿತ ಮೇಲೆ ಆ ಸರ್ಕಸ್ಸು ನಿಂತಿತು. ವಿಚಿತ್ರವೆಂದರೆ 2001ರಲ್ಲೇ ಪ್ರಮಾಣಿತವಾದ ಎಸ್‌ವಿಜಿ ಎಂಬ ವೆಕ್ಟರ್ ಭಾಷೆಯಲ್ಲಿ ಚೌಕದ ಮೂಲೆಗೆ ದುಂಡು ಕೊಡಲು ಎರಡು ಅಂಕಿ ಬರೆದರೆ ಸಾಕಿತ್ತು.

ಅದೇ ಎಸ್‌ವಿಜಿಯನ್ನು ನಂಬಿ 2003ರ ಕೊನೆಯಲ್ಲಿ ಹುಟ್ಟಿದ್ದು ಇಂಕ್‌ಸ್ಕೇಪ್ ಎಂಬ ಮುಕ್ತ ತಂತ್ರಾಂಶ. ದುಡ್ಡು ಕೊಡಬೇಕಿಲ್ಲ, ಕದ್ದು ಬಳಸುವ ಪಾಪವೂ ಇಲ್ಲ. 2020ರಲ್ಲಿ ಬಂದ ಅದರ 1.0 ಆವೃತ್ತಿಯಲ್ಲಿ "ಕಾರ್ನರ್ಸ್" ಎಂಬ ಪರಿಣಾಮವಿದೆ. ಮೂಲ ಆಕಾರ ಹಾಗೇ ಉಳಿಯುತ್ತದೆ, ಮೂಲೆಯನ್ನು ಯಾವಾಗ ಬೇಕಾದರೂ ಬದಲಿಸಬಹುದು. ಯೂನಿಕೋಡ್ ಕನ್ನಡದ ಒತ್ತಕ್ಷರಗಳೂ ಅದರಲ್ಲಿ ಸರಿಯಾಗಿ ಮೂಡುತ್ತವೆ.

ಇಷ್ಟೆಲ್ಲ ಆದ ಮೇಲೂ ತಕರಾರು ಏನು ಅಂತೀರಾ? ಇಲ್ಲಿಂದ ನನ್ನ ಹೊಟ್ಟೆಯುರಿ ಶುರು.

ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯ ಸ್ತ್ರೀಶಕ್ತಿ ಸಂಘದವರು ಅಕ್ರಿಲಿಕ್ ಬೋರ್ಡು ಮಾಡಿಸಲು ಬಂದಿದ್ದರು. ಕಟ್ಟೆಯ ಪಕ್ಕದ ಗೋಡೆಗೆ ಹಚ್ಚುವುದು. ಬಂದವರಲ್ಲಿ ಹಿರಿಯರೊಬ್ಬರು ಅಂದರು, "ಅಣ್ಣಾರ, ಎಲ್ಲಾ ಮೂಲಿ ಗುಂಡಗಿರ್ಲಿ. ಹಿಂದಿನ ಬೋರ್ಡ್ ನಮ್ಮ ಮೊಮ್ಮಗನ ಹಣಿಗೆ ಹತ್ತಿ ಮೂರು ಹೊಲಿಗಿ ಬಿದ್ದಾವು." ನಾವು ಚಂದ, ಫ್ಯಾಶನ್ ಅಂದುಕೊಂಡಿರುತ್ತೇವೆ. ಅವರಿಗೆ ಅದು ಮಗುವಿನ ಹಣೆ.

ಬೋರ್ಡಿನ ನಾಲ್ಕು ಮೂಲೆ ಅರ್ಧ ನಿಮಿಷದಲ್ಲಿ ಆಯಿತು. ಕಷ್ಟವಾದದ್ದು ಎತ್ತರಿಸಿ ಅಂಟಿಸಬೇಕಿದ್ದ ಅಕ್ಷರಗಳು. "ಸ್ತ್ರೀ" ಅನ್ನುವುದನ್ನೇ ತೆಗೆದುಕೊಳ್ಳಿ. ಯೂನಿಕೋಡಿನಲ್ಲಿ ಆರು ಸಂಕೇತಗಳು (ಸ, ಅರ್ಧಚಿಹ್ನೆ, ತ, ಅರ್ಧಚಿಹ್ನೆ, ರ, ದೀರ್ಘ ಈಕಾರ). ಹಳೆಯ ಫಾಂಟುಗಳಲ್ಲಿ ಇದನ್ನು ತುಂಡು ತುಂಡಾಗಿ ಒಂದರ ಮೇಲೊಂದು ಕೂರಿಸಿರುತ್ತಾರೆ. ಅದನ್ನು ಗೆರೆಗೆ ಬದಲಿಸಿ, ತುಂಡುಗಳನ್ನು ಬೆಸೆದಾಗ, ಬೆಸುಗೆ ಬಿದ್ದಲ್ಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು, ಚೂಪು ಮೊನೆಗಳು ಉಳಿದುಕೊಳ್ಳುತ್ತವೆ. ನಾನು ಆಗ ಬಳಸುತ್ತಿದ್ದ ಸಾಫ್ಟ್‌ವೇರಿಗೆ ಎಲ್ಲಾ ಮೂಲೆ ದುಂಡು ಮಾಡು ಅಂದರೆ ಕೆಲವನ್ನು ಮಾಡಿತು, ಕೆಲವನ್ನು ಬಿಟ್ಟಿತು. ಯಾವುದನ್ನು ಬಿಟ್ಟೆ, ಯಾಕೆ ಬಿಟ್ಟೆ ಅಂತ ಒಂದು ಮಾತು ಹೇಳಲಿಲ್ಲ. ಒಂದೊಂದೇ ಬಿಂದು ಹಿಡಿದು ತಿದ್ದುತ್ತಾ ಕೂತೆ. ರಾತ್ರಿ ಹನ್ನೊಂದಾಯಿತು.

ಯಾಕೆ ಬಿಡುತ್ತದೆ ಅನ್ನುವುದು ಗುಟ್ಟೇನಲ್ಲ. ಹೈಸ್ಕೂಲಿನ ರೇಖಾಗಣಿತ. ಮೂಲೆಯಿಂದ ಎರಡೂ ಬದಿಗೆ ಎಷ್ಟು ದೂರದಲ್ಲಿ ದುಂಡು ಶುರುವಾಗಬೇಕು ಅನ್ನುವುದು ಕೋನದ ಮೇಲೆ ಹೋಗುತ್ತದೆ. 90 ಡಿಗ್ರಿ ಮೂಲೆಗೆ 5 ಮಿಲಿಮೀಟರ್ ತ್ರಿಜ್ಯ ಬೇಕೆಂದರೆ ಬದಿಗೆ 5 ಮಿಲಿಮೀಟರ್ ಜಾಗ ಸಾಕು. 60 ಡಿಗ್ರಿಗೆ ಸುಮಾರು 8.7 ಬೇಕು. 30 ಡಿಗ್ರಿಯ ಚೂಪು ಮೂಲೆಗೆ 18.7 ಮಿಲಿಮೀಟರ್ ಬೇಕು! ಬೆಸುಗೆಯಿಂದ ಹುಟ್ಟಿದ ಗೆರೆ ಅರ್ಧ ಮಿಲಿಮೀಟರ್ ಇದ್ದರೆ ಅಲ್ಲಿ ದುಂಡು ಎಲ್ಲಿ ಕೂರಬೇಕು? ಸಾಫ್ಟ್‌ವೇರ್ ಸುಮ್ಮನೆ ಕೈಬಿಡುತ್ತದೆ. ಕೈಬಿಡುವುದು ತಪ್ಪಲ್ಲ ಸ್ವಾಮಿ, ಹೇಳದೆ ಕೈಬಿಡುವುದು ತಪ್ಪು. "ಈ ಏಳು ಮೂಲೆಗೆ ಜಾಗ ಸಾಲದು, ಹೆಚ್ಚೆಂದರೆ 1.2 ಬರುತ್ತದೆ" ಅಂತ ಬಣ್ಣ ಹಚ್ಚಿ ತೋರಿಸಿದರೆ ರಾತ್ರಿ ಊಟ ಹೊತ್ತಿಗೆ ಸರಿಯಾಗಿ ಆಗುತ್ತದೆ.

ಇನ್ನೂ ಒಂದು ಸೂಕ್ಷ್ಮವಿದೆ. ನೇರ ಗೆರೆ ಒಮ್ಮೆಲೇ ವೃತ್ತದ ತುಂಡಿಗೆ ತಿರುಗಿದರೆ ಕಣ್ಣಿಗೆ ಎಲ್ಲೋ ಒಂದು ತಡೆ ಅನ್ನಿಸುತ್ತದೆ. ನಮ್ಮ ಹುಬ್ಬಳ್ಳಿ ರೈಲ್ವೆ ಊರಲ್ಲವೇ, ರೈಲಿನವರನ್ನು ಕೇಳಿ. ಹಳಿಯನ್ನು ನೇರದಿಂದ ಒಮ್ಮೆಲೇ ತಿರುವಿಗೆ ಹಾಕುವುದಿಲ್ಲ, ನಡುವೆ ನಿಧಾನವಾಗಿ ಬಾಗುತ್ತಾ ಹೋಗುವ ಒಂದು ತುಂಡು ಇರುತ್ತದೆ, ಇಲ್ಲದಿದ್ದರೆ ಬೋಗಿ ಜೋಲಿ ಹೊಡೆಯುತ್ತದೆ. 2013ರಲ್ಲಿ ಐಫೋನಿನ ಐಕಾನುಗಳ ಮೂಲೆಯನ್ನು ಆ್ಯಪಲ್‌ನವರು ಬದಲಿಸಿದ್ದು ಈ ತರ್ಕದಲ್ಲೇ. ಚೌಕ, ಎಂಟು, ಹದಿನಾರು, ಆಮೇಲೆ ದುಂಡು. ನಮ್ಮ ಶಿಲ್ಪಿಗಳ ಸಮಾಧಾನವೂ ಇದೇ ಅಲ್ಲವೇ?

ಮೂಲೆ ದುಂಡು ಮಾಡುವುದರ ಹಿಂದೆ ಕಸುಬಿನ ಕಾರಣಗಳೂ ಇವೆ. ಸ್ಟಿಕ್ಕರಿನ ಚೂಪು ಮೂಲೆ ಬಿಸಿಲಿಗೆ, ತೊಳೆಯುವ ನೀರಿಗೆ ಮೊದಲು ಏಳುತ್ತದೆ. ಅಕ್ರಿಲಿಕ್ಕಿನ ಒಳಮೂಲೆ ಚೂಪಾಗಿದ್ದರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಸಿಎನ್‌ಸಿ ರೂಟರಿನ ಬಿಟ್ಟು ತನ್ನ ದಪ್ಪಕ್ಕಿಂತ ಚೂಪಾದ ಒಳಮೂಲೆಯನ್ನು ಕೊರೆಯಲಾರದು. ಹಿಂದೆ ಪೇಂಟರುಗಳು ಬ್ರಶ್ಶಿನಲ್ಲಿ ಬೋರ್ಡು ಬರೆಯುತ್ತಿದ್ದಾಗ ಬ್ರಶ್ಶೇ ಮೂಲೆ ದುಂಡು ಮಾಡುತ್ತಿತ್ತು. ಆ ಕೈಗಳು ಈಗ ಕಡಿಮೆ. ಅವರ ಕೈಯಲ್ಲಿದ್ದ ಬುದ್ಧಿಯನ್ನು ಸಾಫ್ಟ್‌ವೇರಿಗೆ ಯಾರಾದರೂ ಹೇಳಿಕೊಡಲೇಬೇಕು.

ಈಗ ಈ ಕೆಲಸ ಇನ್ನೂ ಹೆಚ್ಚಿದೆ. ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆ ಕತ್ತರಿಸಿ ಅಂಟಿಸುವ ಕನ್ನಡ ಅಕ್ಷರಗಳಿಗೆ ಬೇಡಿಕೆ ಬಂತು. ಎರಿನ್ ಮೆಕ್‌ಲಾಫ್ಲಿನ್ ಎಂಬ ವಿನ್ಯಾಸಕಿ ಮಾಡಿದ, ಒಂದೇ ದಪ್ಪದ ಗೆರೆಯ "ಹುಬ್ಬಳ್ಳಿ" ಎಂಬ ಉಚಿತ ಫಾಂಟು ಗೂಗಲ್‌ನಲ್ಲಿ ಸಿಗುತ್ತದೆ. ನಮ್ಮೂರಿನ ಹೆಸರಿನ ಫಾಂಟು ಜಗತ್ತಿಗೆಲ್ಲ ಸಿಗುವಾಗ, ಅದನ್ನು ಬೋರ್ಡಿಗೆ ಇಳಿಸುವ ಸಾಧನವೂ ನಮ್ಮ ಒತ್ತಕ್ಷರಕ್ಕೆ ಹೊಂದುವಂತಿರಬೇಡವೇ? ಇಂಗ್ಲಿಷಿನ ಐ, ಟಿ, ಎಲ್ ಅಕ್ಷರಗಳಲ್ಲಿ ಪರೀಕ್ಷೆ ಮಾಡಿ ಬಿಟ್ಟ ಸಾಧನಕ್ಕೆ "ಸ್ತ್ರೀ" ಅಂದರೆ ಗಾಬರಿಯಾಗುತ್ತದೆ. ಕಷ್ಟ ಅಕ್ಷರಗಳಿಗೆ ಸಾಧನ ಒಗ್ಗದಿದ್ದರೆ ಆಗುವುದೇನು? ಅಂಗಡಿಯವ ಸುಲಭದ ಫಾಂಟು ಹುಡುಕುತ್ತಾನೆ, ಒತ್ತು ಇಲ್ಲದ ಹೆಸರು ಇಟ್ಟುಕೊಳ್ಳಿ ಅನ್ನುತ್ತಾನೆ (ಇದು ಜೋಕಲ್ಲ, ಕೇಳಿದ್ದೇನೆ).

ಆ ರಾತ್ರಿಯ ನಂತರ ನಾನು ಒಂದು ಪಟ್ಟಿ ಮಾಡಿ ಆ ಸಾಫ್ಟ್‌ವೇರಿನವರಿಗೆ ಕಳಿಸಿದೆ. ಅದರ ಸಾರ ಇಷ್ಟು:

1. ಬೇಕಾದ ಮೂಲೆಗಳನ್ನು ಮಾತ್ರ ಆರಿಸಿ ದುಂಡು ಮಾಡುವಂತಿರಲಿ. ಒಳಮೂಲೆ ಬೇರೆ, ಹೊರಮೂಲೆ ಬೇರೆ ಆರಿಸಲು ಬರಲಿ.
2. ತ್ರಿಜ್ಯ ಮಿಲಿಮೀಟರಿನಲ್ಲಿರಲಿ. ಆಕಾರ ದೊಡ್ಡದು ಮಾಡಿದಾಗ ಮೂಲೆಯೂ ದೊಡ್ಡದಾಗಬೇಕೋ ಬೇಡವೋ ನನ್ನನ್ನೇ ಕೇಳಲಿ.
3. ಮಾಡಿದ ಮೇಲೂ ಬದಲಿಸಲು ಬರಲಿ. ನಾಳೆ ಗಿರಾಕಿ ಬಂದು "ಇನ್ನೊಂಚೂರು" ಅನ್ನುತ್ತಾನೆ.
4. ಆಗದ ಮೂಲೆಯನ್ನು ತೋರಿಸಿ, ಎಷ್ಟು ಆಗುತ್ತದೆ ಅನ್ನುವುದನ್ನು ಹೇಳಲಿ.
5. ಬೆಸೆಯುವಾಗಲೇ ಸಣ್ಣ ಚೂರು ಗೆರೆಗಳನ್ನು ಗುಡಿಸಿ ತೆಗೆಯಲಿ.
6. ನಿನ್ನೆ ಕೊಟ್ಟ ಅಳತೆಯನ್ನು ಇವತ್ತು ನೆನಪಿಟ್ಟುಕೊಂಡಿರಲಿ.

ಸೌಜನ್ಯದ ಉತ್ತರ ಬಂತು. ಮಾದರಿ ಫೈಲು ಕಳಿಸಿ, ಇನ್ನೆಷ್ಟು ಜನರಿಗೆ ಇದು ಬೇಕು ಅಂತ ಕೇಳಿದ್ದರು. ಮೊದಲನೆಯದು ಸುಲಭ, ಕಳಿಸಿದೆ. ಎರಡನೆಯದಕ್ಕೆ ಏನು ಹೇಳಲಿ? ಹುಬ್ಬಳ್ಳಿ-ಧಾರವಾಡದ ಅಂಗಡಿಗಳಲ್ಲಿ ಕೂತು ಬೈದುಕೊಳ್ಳುತ್ತಾ ಬಿಂದು ತಿದ್ದುವವರು ಎಷ್ಟೋ ಜನ. ಅವರಲ್ಲಿ ಬರೆದು ಕೇಳಿದವರು ಎಷ್ಟು? ಇಂಗ್ಲಿಷ್ ಬರುವುದಿಲ್ಲ, ಬಳಸುತ್ತಿರುವ ಪ್ರತಿ ಕದ್ದದ್ದು, ನಮ್ಮ ಮಾತು ಯಾರು ಕೇಳುತ್ತಾರೆ... ಕಾರಣಗಳು ನೂರು. ಅಲ್ಲಿ ಕೂತವರ ಲೆಕ್ಕದಲ್ಲಿ ಮಾತ್ರ ನಮ್ಮ ಸಂಖ್ಯೆ ಸೊನ್ನೆ.

ಇಷ್ಟು ಇತಿಹಾಸ ಓದಿದ ಮೇಲೆ ನನಗೆ ಅನ್ನಿಸಿದ್ದು, ದುಂಡು ಮೂಲೆಗೆ ಗಣಿತ ಎಂದೂ ಅಡ್ಡಿಯಾಗಿರಲಿಲ್ಲ. 1984ರಲ್ಲೇ ಅದು ಸಿದ್ಧವಿತ್ತು. ತಡವಾದದ್ದು, ಅದು ಯಾರಿಗೆ, ಯಾಕೆ ಬೇಕು ಅನ್ನುವುದು ಮಾಡುವವರ ಕಿವಿಗೆ ಬೀಳುವುದರಲ್ಲಿ. ಅಟ್ಕಿನ್ಸನ್ ಪಕ್ಕದಲ್ಲಿ ಜಾಬ್ಸ್ ಇದ್ದ, ಒಂದೇ ದಿನದಲ್ಲಿ ಆಯಿತು. ನಮ್ಮ ಪಕ್ಕದಲ್ಲಿ ಯಾರೂ ಇಲ್ಲ, ನಾವೇ ಕೇಳಬೇಕು. ಅಳುವ ಕೂಸಿಗೇ ಮೊದಲು ಹಾಲು ಅಂತಾರಲ್ಲ, ಹಾಗೆ.

ಕೇಳುವಾಗ "ಈ ಬಟನ್ ಕೊಡಿ" ಅನ್ನುವುದಕ್ಕಿಂತ ಕೆಲಸವನ್ನು ವಿವರಿಸಿ. ಇಂಥ ಅಕ್ಷರ, ಇಷ್ಟು ಅಳತೆ, ಇಂಥ ಯಂತ್ರ, ಇಲ್ಲಿ ಹೀಗಾಯಿತು ಅಂತ ಬರೆದು, ಫೈಲು, ಆವೃತ್ತಿಯ ಸಂಖ್ಯೆ ಜೊತೆಗಿಡಿ. ಇಂಗ್ಲಿಷ್ ತೊಡಕಾದರೆ ಕನ್ನಡದಲ್ಲೇ ಬರೆದು ಚಿತ್ರ ಹಚ್ಚಿ, ಈಗ ಅನುವಾದ ಮಾಡಿಕೊಳ್ಳಲು ಅವರಿಗೆ ಕಷ್ಟವೇನಿಲ್ಲ. ಮುಕ್ತ ತಂತ್ರಾಂಶದವರು ಕೇಳಿದ್ದನ್ನು ಎಲ್ಲರಿಗೂ ಕಾಣುವಂತೆ ಬರೆದಿಟ್ಟುಕೊಳ್ಳುತ್ತಾರೆ, ನಿಮ್ಮ ಹಿಂದೆ ಬಂದವನು "ನನಗೂ ಬೇಕು" ಅಂದರೆ ಎರಡಾಯಿತು.

ನನ್ನ ಪಟ್ಟಿಯ ಆರರಲ್ಲಿ ಎರಡು ಆಮೇಲಿನ ಆವೃತ್ತಿಯಲ್ಲಿ ಬಂದವು. ನಾನು ಕೇಳಿದ್ದಕ್ಕೇ ಬಂದವು ಅಂತ ಹೇಳುವ ಧೈರ್ಯ ನನಗಿಲ್ಲ :) ಉಳಿದ ನಾಲ್ಕಕ್ಕೆ ನಿಮ್ಮ ಕೈಯೂ ಬೇಕು. ನಿಮ್ಮ ಅಂಗಡಿಯಲ್ಲಿ ಯಾವ ಅಕ್ಷರ ಹೆಚ್ಚು ಕಾಡುತ್ತದೆ? ಒಂದು ಚೀಟಿಯಲ್ಲಿ ಬರೆದಿಡಿ, ಈ ವಾರವೇ ಒಂದು ಬೇಡಿಕೆ ಕಳಿಸಿ.